ಹೆಚ್ಚಾಗಿ ಬಂದ ಅಕ್ಕಿ

ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನಲ್ಲಿ, ಗುರುಗುಂಟಾದ ಹತ್ತಿರ ಅಮರೇಶ್ವರ ಎಂಬ ಕ್ಷೇತ್ರವಿದೆ. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿಂದ ಗಂಡ ಹೆಂಡತಿ ಇಬ್ಬರು ಕಲ್ಯಾಣಕ್ಕೆ ಬಂದರು. ಗಂಡ ಮಾರಯ್ಯ, ಹೆಂಡತಿ ಲಕ್ಕಮ್ಮ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ತಂದ ಅಕ್ಕಿಯನ್ನು ಲಕ್ಕಮ್ಮ ಹಸನು ಮಾಡಿ ಬೇಯಿಸುವಳು. ಬಂದ ಜಂಗಮರಿಗೆ ಬಡಿಸಿ ಇಬ್ಬರೂ ಉಣ್ಣುವರು. ಆಯ್ದಕ್ಕಿ ಎಂಬುದು ಇಬ್ಬರ ಹೆಸರಿಗೂ ಹಾಗೇ ಅಂಟಿಕೊಂಡಿತು.

ಒಂದು ದಿನ ಮಾರಯ್ಯ ಶರಣರ ಗೋಷ್ಠಿಯಲ್ಲಿ ಮೈಮರೆತು ಕೂತುಬಿಟ್ಟ. ಕಾಯಕ ನಿಂತುಹೋಯಿತಲ್ಲ, ಬೇಗ ಹೋಗಿ ಬಾ ಎಂದು ಲಕ್ಕಮ್ಮನೇ ನೆನಪಿಸಿದಳು. ಅವನು ಓಡಿದ. ಬರುವಾಗ ಅವನ ಉಡಿಯಲ್ಲಿ ದಿನದ ಅಳತೆಗಿಂತ ಹೆಚ್ಚು ಅಕ್ಕಿಯಿತ್ತು. ಬಸವಣ್ಣನವರೇ ಬೇಕೆಂದು ಹೆಚ್ಚು ಚೆಲ್ಲಿಸಿದ್ದರು ಎಂದು ಕಥೆ ಹೇಳುವವರೂ ಇದ್ದಾರೆ. ಲಕ್ಕಮ್ಮ ಅದನ್ನು ಒಳಗೆ ತೆಗೆದುಕೊಳ್ಳಲಿಲ್ಲ. ಇಷ್ಟೊಂದರ ಆಸೆ ನಮಗೇಕೆ, ಎಲ್ಲಿಂದ ತಂದೆಯೋ ಅಲ್ಲೇ ಸುರಿದು ಬಾ ಎಂದಳು. ಮಾರಯ್ಯ ತಿರುಗಿ ಹೋಗಿ ಸುರಿದು ಬಂದ.

ಹದಿನೈದನೆಯ ಶತಮಾನದಲ್ಲಿ ಸಂಕಲನಗೊಂಡ ಶೂನ್ಯಸಂಪಾದನೆಯಲ್ಲಿ ಈ ದಂಪತಿಗಾಗಿಯೇ ಒಂದು ಅಧ್ಯಾಯವಿದೆ. ನಮ್ಮ ಶಾಲೆಯ ಪಾಠಗಳಲ್ಲಿ, ಸಭೆಯ ಭಾಷಣಗಳಲ್ಲಿ ಈ ಕಥೆ ದುರಾಸೆ ಬೇಡ ಎಂಬ ಉಪದೇಶಕ್ಕೆ ಬಳಕೆಯಾಗುತ್ತದೆ. ನನಗೆ ಇದು ಮೊದಲಿಗೆ ಒಂದು ದಾಂಪತ್ಯದ ಕಥೆ. ಬೆಳಿಗ್ಗೆ ಕೆಲಸಕ್ಕೆ ಕಳಿಸಿದವಳೇ ಸಂಜೆ ಅತಿಯಾಯಿತು ಎನ್ನುತ್ತಾಳೆ. ಹಾಗೆ ಎರಡನ್ನೂ ಹೇಳಬಲ್ಲವಳಿಗೆ ಮನೆಯ ಅಳತೆ ಗೊತ್ತಿರಬೇಕು. ಎಷ್ಟು ಜನ ಉಣ್ಣುತ್ತಾರೆ, ಮಡಕೆಗೆ ಎಷ್ಟು ಅಕ್ಕಿ ಬೀಳಬೇಕು ಎಂಬುದು ಅವಳ ಕೈಗೆ ಗೊತ್ತಿತ್ತು; ಅದು ಅವಳಿಗೆ ಗೊತ್ತಿದೆ ಎಂಬುದು ಅವನಿಗೆ ಗೊತ್ತಿತ್ತು. ದಣಿದು ಬಂದ ಗಂಡಸಿಗೆ, ದುಡಿದು ತಂದದ್ದನ್ನು ವಾಪಸು ಕೊಡು ಎಂದರೆ ಸಿಟ್ಟು ಬರುವುದು ಸಹಜ. ಆದರೆ ಅವನು ‘ನಾನು ಯಾರಿಗಾಗಿ ತಂದೆ’ ಎಂದು ಕೂಗಾಡಿದನೆಂದು ಯಾರೂ ಹೇಳಿಲ್ಲ. ಕಥೆಯಲ್ಲಿ ನನಗೆ ಅತಿ ದೊಡ್ಡದಾಗಿ ಕಾಣುವುದು ಅವನ ಆ ಎರಡನೆಯ ಸಲದ ನಡಿಗೆ.

ಲಕ್ಕಮ್ಮನ ವಚನಗಳ ಅಂಕಿತ ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಗಂಡನ ಅಂಕಿತದ ಮೊದಲು ಅವನ ಹೆಸರನ್ನೂ ಇಟ್ಟುಕೊಂಡು ಅವಳು ತನ್ನದನ್ನು ಕಟ್ಟಿಕೊಂಡಳು. ಅದೇ ಅಂಕಿತದಲ್ಲಿ ಅವನನ್ನು ಎಚ್ಚರಿಸಿದಳು, ಮುಂದೆ ಅವನು ತತ್ವದ ದಾರಿ ಕೇಳಿದಾಗ ಬೋಧಿಸಿದಳು ಕೂಡ. ಪ್ರೀತಿಯೂ ಬುದ್ಧಿಮಾತೂ ಒಂದೇ ಬಾಯಿಂದ, ಒಂದೇ ಉಸಿರಿನಲ್ಲಿ ಬಂದವು. ಕಲ್ಯಾಣದಲ್ಲಿ ಅವಳೊಬ್ಬಳೇ ಹೀಗಿದ್ದಳು ಎಂದಲ್ಲ. ಸೌದೆ ಮಾರಿ ಬದುಕುತ್ತಿದ್ದ ಮೋಳಿಗೆಯ ಮಾರಯ್ಯನ ಹೆಂಡತಿ ಮಹಾದೇವಿಯೂ ಗಂಡನಿಗೆ ದಾರಿ ತೋರಿದವಳೇ.

ಈಗ ನಮ್ಮ ಮನೆಗಳಿಗೆ ಬರೋಣ. ಬೆಂಗಳೂರಿನ ಪೀಣ್ಯದ ಸುತ್ತ, ದಾಸರಹಳ್ಳಿ, ಬಾಗಲಗುಂಟೆಗಳಲ್ಲಿ ಬಾಡಿಗೆ ಮನೆ ಮಾಡಿಕೊಂಡ ಸಾವಿರಾರು ದಂಪತಿಗಳಿದ್ದಾರೆ. ಗಂಡ ಫ್ಯಾಕ್ಟರಿಯಲ್ಲಿ, ಹೆಂಡತಿ ಗಾರ್ಮೆಂಟ್ಸಿನಲ್ಲೋ ಶಾಲೆಯಲ್ಲೋ. ಅವನದು ಸೆಕೆಂಡ್ ಶಿಫ್ಟ್ ಆದರೆ ಅವಳು ಮನೆಗೆ ಬರುವ ಹೊತ್ತಿಗೆ ಅವನು ಬಸ್ಸಿನಲ್ಲಿರುತ್ತಾನೆ. ವಾರಗಟ್ಟಲೆ ಸಂಸಾರ ನಡೆಯುವುದು ವಾಟ್ಸ್ಆ್ಯಪ್‌ನಲ್ಲಿ: ಗ್ಯಾಸ್ ಬುಕ್ ಮಾಡು, ಪಾಪುಗೆ ಸಿರಪ್ ಹಾಕಿದ್ಯಾ, ಫೀಸ್ ಕೊನೇ ದಿನ ನಾಳೆ. ಇದು ಜಗಳವಲ್ಲ, ಪ್ರೀತಿ ಆರಿಹೋಗಿದೆ ಎಂದೂ ಅಲ್ಲ. ಇಬ್ಬರೂ ಒಂದೇ ಮನೆಗಾಗಿ ದುಡಿಯುತ್ತ, ಒಬ್ಬರ ಮುಖ ಒಬ್ಬರು ನೋಡದಂತಾಗುವ ಸ್ಥಿತಿ. ಇಂಥವರಿಗೆ ಕ್ಯಾಂಡಲ್ ಹಚ್ಚಿ ಊಟ ಮಾಡಿ, ವಾರಾಂತ್ಯಕ್ಕೆ ರೆಸಾರ್ಟಿಗೆ ಹೋಗಿ ಎಂದು ಬರೆಯುವುದು ಅನ್ಯಾಯ.

ಅವರಿಗೆ ಹೆಚ್ಚಾಗಿ ಬರುವ ಅಕ್ಕಿಯೂ ಒಂದಿದೆ. ಅದರ ಹೆಸರು ಓಟಿ. ಕಾನೂನಿನಂತೆ ನಿಗದಿತ ಅವಧಿ ಮೀರಿ ದುಡಿದ ಹೊತ್ತಿಗೆ ದುಪ್ಪಟ್ಟು ಕೂಲಿ ಕೊಡಬೇಕು. ಕಾರ್ಮಿಕರ ಶ್ರಮಕ್ಕೆ ಕಾವಲಾಗಿ ಬಂದ ನಿಯಮ ಅದು, ಬೇಕೇ ಬೇಕು. ಆದರೆ ಕಂತು ಕಟ್ಟುವ ಮನೆಯಲ್ಲಿ ಆ ದುಪ್ಪಟ್ಟನ್ನು ಬಿಡುವುದು ಸುಲಭವಲ್ಲ. ಮೊದಲು ಗಾಡಿಯ ಕಂತಿಗೆಂದು ಶುರುವಾಗುತ್ತದೆ. ಕಂತು ಮುಗಿಯುವಷ್ಟರಲ್ಲಿ ಆ ದುಡ್ಡು ಸಂಬಳದ ಭಾಗವೇ ಎನ್ನುವಷ್ಟು ಮನೆ ಅದಕ್ಕೆ ಒಗ್ಗಿಹೋಗಿರುತ್ತದೆ. ಸಾಫ್ಟ್‌ವೇರ್ ಕಂಪನಿಯವರಲ್ಲಿ ಇದೇ ಬೇರೆ ವೇಷದಲ್ಲಿ, ರಾತ್ರಿ ಹತ್ತರ ಕಾಲ್ ಆಗಿ ಬರುತ್ತದೆ.

ಇದನ್ನು ಬೇಡ ಎನ್ನುವವರು ಯಾರು? ಹಾಗೆ ಹೇಳಬೇಕಾದರೆ ಇಬ್ಬರಿಗೂ ಲೆಕ್ಕ ಗೊತ್ತಿರಬೇಕು. ಬಹಳಷ್ಟು ಮನೆಗಳಲ್ಲಿ ಲೆಕ್ಕ ಎರಡು ಹೋಳಾಗಿದೆ. ಸಾಲ ಎಷ್ಟು ಉಳಿದಿದೆ, ಚೀಟಿಗೆ ಎಷ್ಟು ಕಟ್ಟುತ್ತಿದ್ದೇವೆ ಎಂಬುದು ಗಂಡನಿಗೆ ಮಾತ್ರ ಗೊತ್ತು. ತಿಂಗಳಿಗೆ ಎಣ್ಣೆ ಎಷ್ಟು ಬೇಕು, ಮಗುವಿನ ಕೆಮ್ಮು ಎಷ್ಟು ದಿನದಿಂದ ಇದೆ ಎಂಬುದು ಹೆಂಡತಿಗೆ ಮಾತ್ರ ಗೊತ್ತು. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ. ಮಾಡುವ ಗಂಡಸರು 88 ನಿಮಿಷ. 2019ರಲ್ಲಿ ಇದು 299 ಮತ್ತು 97 ಇತ್ತು. ಐದು ವರ್ಷದಲ್ಲಿ ಹೆಂಗಸರ ಹೊರೆ ಹತ್ತು ನಿಮಿಷ ಇಳಿದಿದೆ, ಗಂಡಸರದು ಅದಾಗಲೇ ಕಡಿಮೆ, ಅದೂ ಒಂಬತ್ತು ನಿಮಿಷ ಇಳಿದಿದೆ. ಈ ಅಂಕಿಗಳನ್ನು ನ್ಯಾಯದ ಪ್ರಶ್ನೆಯಾಗಿ ನೋಡುತ್ತೇವೆ, ನೋಡಲೇಬೇಕು. ಸರಳ ಬದುಕಿನ ಪ್ರಶ್ನೆಯೂ ಇದರಲ್ಲಿದೆ. ಒಲೆಯ ಮುಂದೆ ನಿಂತವರಿಗೆ ತಾನೇ ಎಷ್ಟು ಅಕ್ಕಿ ಸಾಕೆಂದು ತಿಳಿಯುವುದು! ಪಾತ್ರೆ ತೊಳೆಯದ, ದಿನಸಿ ಚೀಟಿ ಬರೆಯದ ಗಂಡಸಿಗೆ ಮನೆಯ ಅಗತ್ಯವೆಂದರೆ ಬರೀ ಒಂದು ಮೊತ್ತ. ಮೊತ್ತ ಎಷ್ಟು ದೊಡ್ಡದಾದರೂ ಕಡಿಮೆಯೇ. ಹಾಗೆಯೇ ಸಾಲದ ಕಾಗದ ನೋಡದ ಹೆಂಡತಿಗೆ ಗಂಡನ ಮೌನ ಬರೀ ಸಿಡುಕಾಗಿ ಕಾಣುತ್ತದೆ.

ಸಾಲದ ಈ ಗುಟ್ಟು ಶುರುವಾಗುವುದು ಹಲವು ಸಲ ಮದುವೆಯ ಸಾಲದಿಂದಲೇ. ಎರಡು ದಿನದ ಛತ್ರ, ಮಂಟಪದ ಹೂವು, ಡ್ರೋನ್ ಕ್ಯಾಮೆರಾ. ಅದನ್ನು ತೀರಿಸುವಾಗ ಹೊಸ ಹುಡುಗಿಗೆ ಹೇಳುವುದಾದರೂ ಹೇಗೆ ಎಂಬ ಸಂಕೋಚ. ಕುವೆಂಪು ಇದನ್ನು ಬಹಳ ಹಿಂದೆಯೇ ಕಂಡಿದ್ದರು. 1966ರಲ್ಲಿ ಕುಪ್ಪಳಿಯಲ್ಲಿ ಮಗ ಪೂರ್ಣಚಂದ್ರ ತೇಜಸ್ವಿ ಮತ್ತು ರಾಜೇಶ್ವರಿಯವರ ಮದುವೆಯನ್ನು ಅವರು ಮಂತ್ರ ಮಾಂಗಲ್ಯದ ರೀತಿಯಲ್ಲಿ, ಆಡಂಬರವಿಲ್ಲದೆ ಮಾಡಿದರು. ಆ ದಂಪತಿ ಮುಂದೆ ಮೂಡಿಗೆರೆಯ ಕಾಫಿ ತೋಟದಲ್ಲಿ ಬದುಕಿದ ಬಗೆಯನ್ನು ರಾಜೇಶ್ವರಿಯವರು ‘ನನ್ನ ತೇಜಸ್ವಿ’ಯಲ್ಲಿ ಬರೆದಿದ್ದಾರೆ. ಓದದವರು ಓದಬೇಕು.

ಬಡತನವನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಅಕ್ಕಿಯೇ ಸಾಲದ ಮನೆಯವರಿಗೆ ಸರಳತೆಯ ಪಾಠ ಹೇಳುವುದು ಕ್ರೌರ್ಯ. ಲಕ್ಕಮ್ಮ ಹಿಂದಿರುಗಿಸಿದ್ದು ತಮ್ಮ ಹೊಟ್ಟೆಯೂ ಬಂದವರ ಹೊಟ್ಟೆಯೂ ತುಂಬಿದ ಮೇಲೆ ಉಳಿಯುವುದನ್ನು.

ನನಗೆ ಪರಿಚಯದ ಒಂದು ದಂಪತಿ ಪೀಣ್ಯದ ಕಡೆಯವರೇ. ಗಂಡ ಸಿಎನ್‌ಸಿ ಮೆಷಿನ್ ಆಪರೇಟರ್, ಆಕೆ ಖಾಸಗಿ ಶಾಲೆಯಲ್ಲಿ ಟೀಚರ್. ಸಂಬಳ ಬಂದ ಮೇಲೆ ಬರುವ ಮೊದಲ ಭಾನುವಾರ ಮಗು ಮಲಗಿದಾಗ ಇಬ್ಬರೂ ಪಾಸ್‌ಬುಕ್, ದಿನಸಿ ಚೀಟಿ, ಶಿಫ್ಟಿನ ಪಟ್ಟಿ, ಶಾಲೆಯ ಡೈರಿ ಎಲ್ಲವನ್ನೂ ಹಾಸಿಗೆಯ ಮೇಲೆ ಹರಡಿಕೊಂಡು ಕೂರುತ್ತಾರೆ. ಮೊದಲ ಸಲ ಕೂತದ್ದು ಜಗಳದಲ್ಲಿ ಮುಗಿಯಿತಂತೆ. ತಂಗಿಯ ಮದುವೆಗೆ ಗಂಡ ಮಾಡಿದ್ದ ಕೈಸಾಲ ಆಕೆಗೆ ಅಂದೇ ತಿಳಿದದ್ದು. ‘ಹೇಳಿದ್ರೆ ನಾನೇನು ತಿಂದುಬಿಡ್ತಿದ್ನೇನ್ರೀ’ ಎಂದು ಅತ್ತದ್ದನ್ನು ಆಕೆಯೇ ಹೇಳಿದರು. ಆಮೇಲೆ ಸಾಲ ತೀರುವ ತನಕ ಎಷ್ಟು ಓಟಿ ಬೇಕೆಂದು ಲೆಕ್ಕ ಹಾಕಿ, ತೀರಿದ ತಿಂಗಳೇ ನಿಲ್ಲಿಸಿದರು. ಸೂಪರ್‌ವೈಸರ್ ಎರಡು ಸಲ ಕೇಳಿದರೂ ಅವರು ಒಪ್ಪಲಿಲ್ಲ. ಗಂಡ ಈಗ ಸಂಜೆ ಬಂದು ಚಪಾತಿ ಹಿಟ್ಟು ಕಲಸುತ್ತಾರೆ, ಆಕೆ ಪಕ್ಕದಲ್ಲೇ ಕೂತು ಮಕ್ಕಳ ನೋಟ್ಸ್ ತಿದ್ದುತ್ತಾರೆ. ಮಾತು ಬಹಳ ಇರುವುದಿಲ್ಲವಂತೆ, ಆದರೆ ದಿನ ಹೇಗಿತ್ತು ಎಂದು ಇಬ್ಬರಿಗೂ ಗೊತ್ತಾಗುತ್ತದಂತೆ.

ಈ ತಿಂಗಳು ಅವರ ಮುಂದೆ ಹೊಸ ಪ್ರಶ್ನೆ ಬಂದಿದೆ. ಊರಿನಲ್ಲಿ ಒಬ್ಬರೇ ಇರುವ ಆಕೆಯ ತಾಯಿಯನ್ನು ಕರೆತರಬೇಕು. ಅದಕ್ಕೆ ಇನ್ನೊಂದು ಕೋಣೆಯಿರುವ ಮನೆ ಬೇಕು, ಬಾಡಿಗೆ ಹೆಚ್ಚು. ಓಟಿ ಮತ್ತೆ ಶುರು ಮಾಡುವುದೋ, ಆಕೆ ಮನೆಪಾಠ ತೆಗೆದುಕೊಳ್ಳುವುದೋ, ಚೀಟಿ ಬಿಡುವುದೋ ಎಂದು ಇಬ್ಬರೂ ಲೆಕ್ಕ ಹಾಕುತ್ತಿದ್ದಾರೆ.