ಸ್ಪರ್ಶಜ್ಞಾನ ಕುಂದಿದಾಗ

ಕಾಲಿನಲ್ಲಿ ನೋವು ಕಾಣಿಸಿಕೊಂಡರೆ ಮಾರನೆಯ ದಿನವೇ ವೈದ್ಯರ ಬಳಿಗೆ ಬರುವ ಜನರು, ಅದೇ ಕಾಲು ಮರಗಟ್ಟಿದರೆ ತಿಂಗಳುಗಟ್ಟಲೆ ಸುಮ್ಮನಿರುವುದನ್ನು ನಾವು ಚಿಕಿತ್ಸಾಲಯದಲ್ಲಿ ಕಾಣುತ್ತಲೇ ಇದ್ದೇವೆ. ‘ನೋವಿಲ್ಲವಲ್ಲ’ ಎಂಬುದೇ ಅವರ ಸಮಾಧಾನ. ಆದರೆ ನೋವು ತಿಳಿಯದಿರುವುದು ಅನೇಕ ವೇಳೆ ನೋವಿಗಿಂತ ದೊಡ್ಡ ಅಪಾಯ. ಅದೇಕೆಂದು ಅರಿಯಲು ಸ್ಪರ್ಶದ ವಾರ್ತೆಯು ಚರ್ಮದಿಂದ ಮೆದುಳಿಗೆ ಸಾಗುವ ಕ್ರಮವನ್ನು ನೋಡೋಣ.

ಚರ್ಮದ ತುಂಬೆಲ್ಲ ಸಂವೇದನೆಯ ನರಕೋಶಗಳ ತುದಿಗಳು ಹರಡಿಕೊಂಡಿವೆ. ಕೋಶದ ಮುಖ್ಯ ಭಾಗವಿರುವುದು ಬೆನ್ನುಹುರಿಯ ಪಕ್ಕದಲ್ಲಿ. ಅಲ್ಲಿಂದ ಹೊರಟ ತಂತುವು ಕಾಲ್ಬೆರಳಿನವರೆಗೂ ಚಾಚಿರುತ್ತದೆ. ಕೂದಲೆಳೆಗಿಂತ ಎಷ್ಟೋ ಸಪೂರವಾದ ಈ ತಂತುವಿನ ಉದ್ದ ಸುಮಾರು ಒಂದು ಮೀಟರ್.

ವಿಶ್ರಾಂತ ಸ್ಥಿತಿಯಲ್ಲಿ ತಂತುವಿನ ಒಳಭಾಗವು ಹೊರಭಾಗಕ್ಕಿಂತ ಸುಮಾರು 70 ಮಿಲಿವೋಲ್ಟ್‌ನಷ್ಟು ಋಣ ವಿದ್ಯುದಂಶವನ್ನು ಹೊಂದಿರುತ್ತದೆ. ಒತ್ತಡವೋ ಬಿಸಿಯೋ ತಗುಲಿದಾಗ ಅದರ ಪೊರೆಯಲ್ಲಿರುವ ಸೂಕ್ಷ್ಮ ದ್ವಾರಗಳು ತೆರೆಯುತ್ತವೆ. ಹೊರಗಿನ ಸೋಡಿಯಂ ಕಣಗಳು ಒಳನುಗ್ಗಿ ಆ ಸ್ಥಳವನ್ನು ಕ್ಷಣಮಾತ್ರ ಧನಾತ್ಮಕವಾಗಿಸುತ್ತವೆ. ಒಡನೆಯೇ ಪೊಟಾಸಿಯಂ ಕಣಗಳು ಹೊರಬಂದು ಮೊದಲಿನ ಸ್ಥಿತಿ ಮರಳುತ್ತದೆ. ಅಷ್ಟರಲ್ಲಿ ಪಕ್ಕದ ದ್ವಾರಗಳು ತೆರೆದಿರುತ್ತವೆ. ಹೀಗೆ ಸಂಕೇತವು ಮುಂದುವರಿಯುತ್ತದೆ. ಬಿಸಿಯನ್ನು ಗ್ರಹಿಸುವ ಒಂದು ದ್ವಾರವು ಸುಮಾರು 43 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೆರೆಯುತ್ತದೆ. ಮೆಣಸಿನಕಾಯಿಯ ಖಾರವೂ ಅದನ್ನೇ ತೆರೆಯುವುದರಿಂದ ಮೆಣಸು ಹೆಚ್ಚಿದ ಕೈ ಸುಟ್ಟಂತೆ ಉರಿಯುತ್ತದೆ. ಇದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ 2021ರಲ್ಲಿ ನೊಬೆಲ್ ಪ್ರಶಸ್ತಿ ಪಡೆದವರಲ್ಲೊಬ್ಬರು.

ಎಲ್ಲ ತಂತುಗಳ ವೇಗ ಒಂದೇ ಅಲ್ಲ. ಮೈಲಿನ್ ಎಂಬ ಕೊಬ್ಬಿನ ಹೊದಿಕೆಯುಳ್ಳ ಸ್ಪರ್ಶತಂತುಗಳಲ್ಲಿ ಸಂಕೇತವು ಸೆಕೆಂಡಿಗೆ 30ರಿಂದ 70 ಮೀಟರ್ ಸಾಗಿದರೆ, ಹೊದಿಕೆಯಿಲ್ಲದ ನೋವಿನ ತಂತುಗಳಲ್ಲಿ ಸುಮಾರು ಒಂದು ಮೀಟರ್ ಮಾತ್ರ. ಹೊಸ್ತಿಲು ಎಡವಿದಾಗ ಮೊದಲು ಚುರುಕ್ಕೆಂದು, ಬಳಿಕ ನಿಧಾನವಾಗಿ ಉರಿಯೇಳುವುದು ಇದರಿಂದಲೇ. ಕೆಂಡ ತುಳಿದರೆ, ಮೆದುಳಿಗೆ ತಿಳಿಯುವ ಮೊದಲೇ ಬೆನ್ನುಹುರಿಯು ಸ್ನಾಯುಗಳಿಗೆ ಆಜ್ಞೆಯಿತ್ತು ಕಾಲನ್ನು ಹಿಂದೆಗೆಸುತ್ತದೆ.

ಈ ಕಾವಲು ಇಲ್ಲವಾದರೆ ಏನಾಗುವುದೆಂಬುದಕ್ಕೆ ಕುಷ್ಠರೋಗವೇ ನಿದರ್ಶನ. ನಮ್ಮ ಮಂಗಳೂರಿಗೆ ಇದರ ಪರಿಚಯ ಹಳೆಯದು. 1880ರಲ್ಲಿ ಕಂಕನಾಡಿಯಲ್ಲಿ ಔಷಧ ವಿತರಣೆ ಆರಂಭಿಸಿದ ಫಾದರ್ ಅಗಸ್ಟಸ್ ಮುಲ್ಲರ್ ಅವರು 1890ರಲ್ಲಿ ಕುಷ್ಠರೋಗಿಗಳಿಗಾಗಿಯೇ ಆಸ್ಪತ್ರೆಯನ್ನು ತೆರೆದರು. ಹ್ಯಾನ್ಸೆನ್ ಎಂಬ ವೈದ್ಯರು 1873ರಲ್ಲಿ ಗುರುತಿಸಿದ ಇದರ ರೋಗಾಣು, ನರತಂತುಗಳಿಗೆ ಹೊದಿಕೆ ನೀಡುವ ಕೋಶಗಳಲ್ಲಿಯೇ ನೆಲೆಸುತ್ತದೆ. ಬೆರಳುಗಳು ರೋಗದಿಂದಲೇ ಉದುರುತ್ತವೆ ಎಂದು ಜನರು ನಂಬಿದ್ದರು. ಹಾಗಲ್ಲ, ಅರಿವಿಗೆ ಬಾರದ ಸುಟ್ಟಗಾಯ ಮತ್ತು ಹುಣ್ಣುಗಳಿಂದ ಅವು ನಾಶವಾಗುತ್ತವೆ ಎಂಬುದನ್ನು ವೆಲ್ಲೂರಿನಲ್ಲಿ ಸೇವೆ ಸಲ್ಲಿಸಿದ ಡಾ. ಪಾಲ್ ಬ್ರಾಂಡ್ ತೋರಿಸಿಕೊಟ್ಟರು.

ಇಂದು ಇದೇ ಹಾನಿಯನ್ನು ಹೆಚ್ಚಾಗಿ ತರುತ್ತಿರುವುದು ಮಧುಮೇಹ. ಅತಿ ಉದ್ದದ ತಂತುಗಳ ದೂರದ ತುದಿಯೇ ಮೊದಲು ಸೊರಗುವುದರಿಂದ ಮರಗಟ್ಟುವಿಕೆಯು ಕಾಲ್ಬೆರಳುಗಳಿಂದ ಆರಂಭವಾಗಿ ಮೇಲಕ್ಕೇರುತ್ತದೆ. ಚರಕಸಂಹಿತೆಯು ಕುಷ್ಠದ ಪೂರ್ವರೂಪಗಳಲ್ಲಿ ಸ್ಪರ್ಶಜ್ಞಾನದ ಲೋಪವನ್ನೂ, ಪ್ರಮೇಹದ ಪೂರ್ವರೂಪಗಳಲ್ಲಿ ಕೈಕಾಲುಗಳ ಮರಗಟ್ಟುವಿಕೆ ಮತ್ತು ಉರಿಯನ್ನೂ ಹೇಳಿರುವುದು ಗಮನಾರ್ಹ.

ಆದುದರಿಂದ ಭಕ್ತರಲ್ಲಿ ನಮ್ಮ ವಿನಂತಿ ಇಷ್ಟು. ಮೈಮೇಲೆ ಬಿಳಿಚಿದ ಅಥವಾ ಕೆಂಪಾದ ಮಚ್ಚೆಯಿದ್ದು, ಹತ್ತಿಯ ಎಳೆಯಿಂದ ಸವರಿದರೂ ತಿಳಿಯದಿದ್ದರೆ ತಡಮಾಡದೆ ಸರಕಾರಿ ಆಸ್ಪತ್ರೆಗೆ ತೋರಿಸಿರಿ. ಕುಷ್ಠವೆಂದು ಖಚಿತವಾದರೆ 6 ಅಥವಾ 12 ತಿಂಗಳ ಔಷಧವು ಅಲ್ಲಿ ಉಚಿತ, ರೋಗವು ಗುಣವಾಗುತ್ತದೆ. ಔಷಧ ಆರಂಭಿಸಿದ ಸ್ವಲ್ಪ ಕಾಲದಲ್ಲೇ ಸೋಂಕು ಹರಡುವುದು ನಿಲ್ಲುತ್ತದೆಯಾದ್ದರಿಂದ ರೋಗಿಯನ್ನು ಮನೆಯಿಂದ ದೂರವಿಡಬೇಕಾದ ಕಾರಣವಿಲ್ಲ.

ಮಧುಮೇಹಿಗಳು ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಟ್ಟುಕೊಂಡು, ಪ್ರತಿರಾತ್ರಿ ಪಾದದ ಅಡಿಯನ್ನೂ ಬೆರಳ ಸಂದುಗಳನ್ನೂ ಪರೀಕ್ಷಿಸಿಕೊಳ್ಳಬೇಕು. ಕಣ್ಣು ಕಾಣದಿದ್ದರೆ ಮನೆಯವರು ನೋಡಬೇಕು. ಚಪ್ಪಲಿಯೊಳಗೆ ಕಲ್ಲು ಮುಳ್ಳುಗಳಿವೆಯೇ ಎಂದು ಕೈಯಿಂದ ನೋಡಿದ ಮೇಲೆಯೇ ಧರಿಸಬೇಕು. ಬೇಸಗೆಯ ನಡುಹಗಲಿನಲ್ಲಿ ಕಾದ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ನಡೆಯಬಾರದು. ಮರಗಟ್ಟಿದ ಪಾದಕ್ಕೆ ಉಪ್ಪಿನ ಕಾವು, ಬಿಸಿನೀರಿನ ಚೀಲ ಇವಾವುದನ್ನೂ ಸ್ವತಃ ಇಡಬಾರದು. ಆಯುರ್ವೇದದಲ್ಲಿ ಸ್ವೇದನ ಚಿಕಿತ್ಸೆಗೆ ಸ್ಥಾನವಿದೆ. ಆದರೆ ಬಿಸಿಯನ್ನು ಅರಿಯದ ಪಾದಕ್ಕೆ ಕಾವು ಕೊಟ್ಟರೆ ಸುಡುವುದು ತಿಳಿಯದು. ನೋವಿಲ್ಲದಿದ್ದರೂ ಸಣ್ಣ ಗಾಯವನ್ನು ಅದೇ ದಿನ ವೈದ್ಯರಿಗೆ ತೋರಿಸತಕ್ಕದ್ದು.