ಆಕಾಶದ ಬರ, ಮಣ್ಣಿನ ಬರ

2023ರ ಮುಂಗಾರಿನಲ್ಲಿ ಕರ್ನಾಟಕದ ಎಷ್ಟೋ ಹೊಲಗಳು ರಸ್ತೆಯಿಂದ ನೋಡಿದವರಿಗೆ ಹಸಿರಾಗಿಯೇ ಕಂಡವು. ಜೂನ್‌ನಲ್ಲಿ ಕೈಕೊಟ್ಟ ಮಳೆ ಜುಲೈನಲ್ಲಿ ಬಂತು. ರೈತರು ಬಿತ್ತಿದರು, ಪೈರು ಎದ್ದಿತು. ಆಗಸ್ಟ್‌ನಲ್ಲಿ ಮೋಡವೇ ಕಾಣೆಯಾಯಿತು. ಗಿಡ ಸಾಯಲಿಲ್ಲ, ಆದರೆ ತೆನೆಯಲ್ಲಿ ಕಾಳೂ ಕಟ್ಟಲಿಲ್ಲ. 'ಹಸಿರು ಬರ' ಎಂಬ ಮಾತು ಆ ವರ್ಷ ಪತ್ರಿಕೆಗಳಲ್ಲಿ ದಿನಬೆಳಗಾದರೆ ಕಾಣುತ್ತಿತ್ತು. ಕೊನೆಗೆ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು.

ಹೊಲ ಹಸಿರಾಗಿದ್ದೂ ಬರ ಇರಬಹುದಾದರೆ, ಬರ ಎಂದರೆ ನಿಖರವಾಗಿ ಏನು? ಇದು ಪಂಡಿತರ ಚರ್ಚೆಗೆ ಬಿಟ್ಟುಬಿಡುವ ಪ್ರಶ್ನೆಯಲ್ಲ. ವ್ಯಾಖ್ಯೆಯಲ್ಲಿ ಒಂದು ವಾರ ಆಚೀಚೆಯಾದರೆ ಒಂದಿಡೀ ತಾಲ್ಲೂಕು ಪರಿಹಾರದ ಪಟ್ಟಿಯಿಂದ ಹೊರಗೆ ಉಳಿಯುತ್ತದೆ.

1985ರಲ್ಲಿ ಡೊನಾಲ್ಡ್ ವಿಲ್ಹೈಟ್ ಮತ್ತು ಮೈಕೆಲ್ ಗ್ಲಾಂಟ್ಜ್ ಎಂಬ ಅಮೆರಿಕದ ಇಬ್ಬರು ವಿದ್ವಾಂಸರು ಬರದ ವ್ಯಾಖ್ಯೆಗಳನ್ನು ಕಲೆಹಾಕಿದಾಗ ನೂರೈವತ್ತಕ್ಕೂ ಹೆಚ್ಚು ಸಿಕ್ಕವು. ಅವನ್ನೆಲ್ಲ ಅವರು ನಾಲ್ಕು ಗುಂಪು ಮಾಡಿದರು: ಹವಾಮಾನದ ಬರ, ಕೃಷಿಯ ಬರ, ಜಲಮೂಲಗಳ ಬರ, ಸಮಾಜ ಮತ್ತು ಅರ್ಥವ್ಯವಸ್ಥೆಯ ಬರ. ಈ ವಿಂಗಡಣೆ ಇಂದಿಗೂ ಬಳಕೆಯಲ್ಲಿದೆ. ಇದರ ತಿರುಳು ಇಷ್ಟೇ: ನೀರಿನ ಕೊರತೆಯನ್ನು ಎಲ್ಲಿ ನಿಂತು ಅಳೆಯುತ್ತೀರಿ ಎಂಬುದರ ಮೇಲೆ ಬರದ ಅರ್ಥ ಬದಲಾಗುತ್ತದೆ.

ಆಕಾಶದ ಕಡೆ ನಿಂತು ಅಳೆಯುವುದು ಸುಲಭ. ಭಾರತೀಯ ಹವಾಮಾನ ಇಲಾಖೆಯ ಲೆಕ್ಕದಲ್ಲಿ ಒಂದು ಪ್ರದೇಶದ ಮಳೆ ವಾಡಿಕೆಗಿಂತ ಶೇ 26ರಿಂದ 50ರಷ್ಟು ಕಡಿಮೆಯಾದರೆ ಸಾಧಾರಣ ಬರ, ಅದಕ್ಕೂ ಮೀರಿದರೆ ತೀವ್ರ ಬರ. ಮಳೆಮಾಪಕವಿದ್ದರೆ ಸಾಕು, ಅಂಕಿ ಸಿಗುತ್ತದೆ. ಆದರೆ ಹಂಗಾಮಿನ ಒಟ್ಟು ಮೊತ್ತ ಬಹಳಷ್ಟನ್ನು ಮುಚ್ಚಿಡುತ್ತದೆ. ನಲವತ್ತು ದಿನ ಹದವಾಗಿ ಸುರಿದ ನಾನೂರು ಮಿಲಿಮೀಟರ್ ಮಳೆಗೂ ಹತ್ತೇ ದಿನದಲ್ಲಿ ಬದುವೊಡೆದು ಹಳ್ಳ ಸೇರಿದ ನಾನೂರು ಮಿಲಿಮೀಟರ್ ಮಳೆಗೂ ಪುಸ್ತಕದಲ್ಲಿ ವ್ಯತ್ಯಾಸವಿಲ್ಲ. ಬಿದ್ದದ್ದು ಎಷ್ಟು ಎಂದು ಮಾಪಕ ಹೇಳುತ್ತದೆ. ಬೇರಿನ ಪಾಲಿಗೆ ಉಳಿದದ್ದು ಎಷ್ಟು ಎಂಬುದನ್ನು ಮಣ್ಣೇ ಹೇಳಬೇಕು.

ಮಣ್ಣಿನ ವಿಜ್ಞಾನದಲ್ಲಿ ಇದಕ್ಕೆ ಎರಡು ಗಡಿಗಳಿವೆ. ಜೋರು ಮಳೆ ಬಂದು ಹೊಲ ಪೂರ್ತಿ ನೆನೆದ ಮೇಲೆ ಎರಡು ಮೂರು ದಿನ ಹೆಚ್ಚುವರಿ ನೀರು ಕೆಳಕ್ಕೆ ಬಸಿಯುತ್ತದೆ. ಬಸಿಯುವುದು ಬಹುಮಟ್ಟಿಗೆ ನಿಂತಾಗ ಕಣಗಳ ನಡುವೆ ಉಳಿದ ನೀರು ಮೇಲಿನ ಗಡಿ. ಇದನ್ನು ಕ್ಷೇತ್ರ ಸಾಮರ್ಥ್ಯ ಎನ್ನುತ್ತಾರೆ. ಅಲ್ಲಿಂದ ಮುಂದೆ ಬೇರು ಹೀರುತ್ತಾ ಹೋದಂತೆ ಉಳಿದ ನೀರನ್ನು ಮಣ್ಣು ಇನ್ನಷ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಒಂದು ಹಂತದಲ್ಲಿ ಬೇರು ಸೋಲುತ್ತದೆ. ಅದು ಕೆಳಗಿನ ಗಡಿ, ಬಾಡುವ ಬಿಂದು.

ಮಧ್ಯಾಹ್ನದ ಬಿಸಿಲಿಗೆ ಜೋತುಬಿದ್ದ ಎಲೆ ಸಂಜೆಗೆ ನೆಟ್ಟಗಾದರೆ ಅದು ತಾತ್ಕಾಲಿಕ ಬಾಡುವಿಕೆ. ರಾತ್ರಿಯ ತಂಪಿನಲ್ಲೂ ಚೇತರಿಸಿಕೊಳ್ಳದೆ, ಬೆಳಿಗ್ಗೆಯೂ ಎಲೆ ಜೋತೇ ಇದ್ದರೆ ಈ ಗಡಿ ದಾಟಿದೆ ಎಂದರ್ಥ. ಅಮೆರಿಕದ ಲೈಮನ್ ಬ್ರಿಗ್ಸ್ ಮತ್ತು ಹೋಮರ್ ಶಾಂಟ್ಜ್ 1912ರಲ್ಲಿ ಇದರ ಮೇಲೆ ದೊಡ್ಡ ಅಧ್ಯಯನ ಪ್ರಕಟಿಸಿದರು. ಮುಂದೆ ಪ್ರಯೋಗಾಲಯಗಳು ಕುಂಡದಲ್ಲಿ ಬೆಳೆಸಿದ ಸೂರ್ಯಕಾಂತಿ ಸಸಿಯನ್ನೇ ಇದಕ್ಕೆ ಸಾಕ್ಷಿಯಾಗಿ ಬಳಸಿದವು. ಈಗ ಸಸಿ ಬೇಕಿಲ್ಲ. ವಾತಾವರಣದ ಒತ್ತಡದ ಸುಮಾರು ಹದಿನೈದು ಪಟ್ಟು ಒತ್ತಡ ಹಾಕಿದರೂ ಮಣ್ಣು ಬಿಟ್ಟುಕೊಡದ ನೀರನ್ನು ಬಾಡುವ ಬಿಂದುವಿನ ನೀರು ಎಂದು ಎಣಿಸುತ್ತಾರೆ.

ಬೆಳೆಗೆ ದಕ್ಕುವುದು ಈ ಎರಡು ಗಡಿಗಳ ನಡುವಿನ ನೀರು ಮಾತ್ರ, ಮತ್ತು ಮಣ್ಣಿನಿಂದ ಮಣ್ಣಿಗೆ ಇದರ ವ್ಯತ್ಯಾಸ ದೊಡ್ಡದು. ಒಂದೂವರೆ ಅಡಿ ಆಳದ ಮರಳು ಮಿಶ್ರಿತ ಕೆಂಪು ಮಣ್ಣು ಇಂಥ ನೀರನ್ನು ಸುಮಾರು 40 ಮಿಲಿಮೀಟರ್ ಹಿಡಿದಿಡಬಹುದು. ತುಂಬಿದ ಪೈರು ದಿನಕ್ಕೆ 4 ಮಿಲಿಮೀಟರ್ ಖರ್ಚು ಮಾಡಿದರೆ ಹತ್ತು ದಿನಕ್ಕೆ ಗಂಟು ಖಾಲಿ. ಅದೇ ಮೂರಡಿಗೂ ಆಳವಾದ ಎರೆ ಭೂಮಿಯಲ್ಲಿ 150 ಮಿಲಿಮೀಟರ್ ಅಥವಾ ಹೆಚ್ಚು ಇರಬಹುದು. ತಿಂಗಳು ದಾಟಿಯೂ ಬೆಳೆ ನಿಲ್ಲುತ್ತದೆ. ವಿಜಯಪುರದ ರೈತರು ಹಿಂಗಾರಿನಲ್ಲಿ ಬಿಳಿಜೋಳ ಬಿತ್ತಿ, ಆಮೇಲೆ ಹೆಚ್ಚು ಮಳೆಯಿಲ್ಲದಿದ್ದರೂ ತೆನೆ ಕೊಯ್ಯುವುದು ಈ ಹಸಿಯ ಬಲದಿಂದಲೇ. ಬಿರುಕು ಬಿಡುವ ಮೊದಲೇ ಎಡೆ ಹೊಡೆದು ಮೇಲ್ಮಣ್ಣನ್ನು ಪುಡಿ ಮಾಡುವುದೂ ಆ ಹಸಿಯನ್ನು ಉಳಿಸಿಕೊಳ್ಳಲೆಂದೇ.

ಎರೆಗೆ ಇನ್ನೊಂದು ಮುಖವೂ ಇದೆ. ಜೇಡಿಯ ಸಣ್ಣ ಕಣಗಳು ಬಾಡುವ ಬಿಂದುವಿನಲ್ಲೂ ಸಾಕಷ್ಟು ನೀರನ್ನು ತಮ್ಮಲ್ಲೇ ಬಿಗಿಹಿಡಿದಿರುತ್ತವೆ. ಹಾಗಾಗಿ ಪೂರ್ತಿ ಒಣಗಿದ ಎರೆಯ ಮೇಲೆ ಬಿದ್ದ ಒಂದು ಸಣ್ಣ ಮಳೆ ಮೇಲಿನ ಪದರವನ್ನಷ್ಟೇ ನೆನೆಸಿ ಬಿಸಿಲಿಗೆ ಆರಿಹೋಗುತ್ತದೆ. ಅದೇ ಮಳೆ ಕೆಂಪು ಮಣ್ಣಿನಲ್ಲಿ ಇನ್ನಷ್ಟು ಕೆಳಗಿಳಿದು ರಾಗಿಯ ಬೇರಿಗೆ ಮುಟ್ಟುತ್ತದೆ. ಒಂದೇ ಮಳೆ, ಒಂದೇ ಅಂಕಿ, ಎರಡು ಹೊಲದಲ್ಲಿ ಎರಡು ಫಲ.

ಕೇಂದ್ರ ಸರ್ಕಾರದ 2016ರ ಬರ ನಿರ್ವಹಣಾ ಕೈಪಿಡಿಗೆ ಈ ವ್ಯತ್ಯಾಸ ತಿಳಿಯದೆ ಇಲ್ಲ. ಮುಂಗಾರು ಶುರುವಾಗಬೇಕಾದ ದಿನದ ನಂತರ, ವಾರ ವಾರವೂ ವಾಡಿಕೆಯ ಅರ್ಧಕ್ಕಿಂತ ಕಡಿಮೆ ಮಳೆ ಹಗುರ ಮಣ್ಣಿನಲ್ಲಿ ಸತತ ಮೂರು ವಾರ, ಭಾರಿ ಮಣ್ಣಿನಲ್ಲಿ ನಾಲ್ಕು ವಾರ ಆದರೆ ಅದನ್ನು ಶುಷ್ಕ ಅವಧಿ ಎಂದು ಅದು ಎಣಿಸುತ್ತದೆ. ಮೊದಲು ಮಳೆಯ ಸೂಚಕ ದಾಟಬೇಕು. ಆಮೇಲೆ ಬಿತ್ತನೆಯ ವಿಸ್ತೀರ್ಣ, ಉಪಗ್ರಹದ ಹಸಿರು ಸೂಚ್ಯಂಕ, ಮಣ್ಣಿನ ತೇವಾಂಶ, ಜಲಾಶಯ ಮತ್ತು ಅಂತರ್ಜಲ ನೋಡುತ್ತಾರೆ. ಕೊನೆಗೆ ಹೊಲಕ್ಕೇ ಹೋಗಿ ಬೆಳೆ ಹಾನಿ ಪರಿಶೀಲಿಸುತ್ತಾರೆ. ಚೌಕಟ್ಟು ಸಮಂಜಸವಾಗಿದೆ. ಆದರೆ ನನ್ನ ತಕರಾರು ಆ ಒಂದು ವಾರದ ಅಂತರದ ಬಗ್ಗೆ. ಮೇಲಿನ ಲೆಕ್ಕದಲ್ಲಿ ಎರಡು ಮಣ್ಣಿನ ನಡುವಿನ ಅಂತರ ವಾರವಲ್ಲ, ಮೂರು ನಾಲ್ಕು ಪಟ್ಟು. ಅದೂ ಹೂವು ಬಿಡುವ, ಕಾಳು ಕಟ್ಟುವ ಸಮಯವಾದರೆ ತೆಳು ಮಣ್ಣಿನ ಬೆಳೆ ಮೂರು ವಾರ ಕಾಯುವುದಿಲ್ಲ. ಹಸಿರು ಸೂಚ್ಯಂಕವೂ ಆಗ ತಡವಾಗಿಯೇ ಎಚ್ಚರಿಸುತ್ತದೆ, ಏಕೆಂದರೆ ಅದು ನೋಡುವುದು ಎಲೆಯನ್ನು, ಕಾಳನ್ನಲ್ಲ.

ಅಂತರ್ಜಲದ ಬರ ಇವೆಲ್ಲಕ್ಕಿಂತ ತಡವಾಗಿ ಬಂದು ತಡವಾಗಿ ಹೋಗುತ್ತದೆ. ಅದರದ್ದೇ ಬೇರೆ ಕಥೆ.

ಮಣ್ಣಿನ ತೇವ ಅಳೆಯುವ ಮೂಲ ವಿಧಾನ ಶಾಲೆಯ ಮಕ್ಕಳೂ ಮಾಡಬಹುದಾದಷ್ಟು ಸರಳ. ಬೇರಿನ ಆಳದಿಂದ ತೆಗೆದ ಹಸಿ ಮಣ್ಣನ್ನು ಮುಚ್ಚಳದ ಡಬ್ಬಿಯಲ್ಲಿ ತೂಗಿ, 105 ಡಿಗ್ರಿ ಸೆಲ್ಸಿಯಸ್ ಒಲೆಯಲ್ಲಿ ಇಪ್ಪತ್ನಾಲ್ಕು ಗಂಟೆ ಒಣಗಿಸಿ, ಮತ್ತೆ ತೂಗಬೇಕು. ಡಬ್ಬಿ ಬಿಟ್ಟು ಹಸಿ ಮಣ್ಣು 120 ಗ್ರಾಂ ಇದ್ದದ್ದು 100 ಗ್ರಾಂಗೆ ಇಳಿದರೆ ತೇವ ಶೇ 20. ಈ ಶೇ 20 ಕೆಂಪು ಮಣ್ಣಿನಲ್ಲಿ ಸಮೃದ್ಧಿ. ಜೇಡಿ ಹೆಚ್ಚಿರುವ ಎರೆಯಲ್ಲಿ ಪೈರು ಬಾಡುವ ಹಂತ. ಆದ್ದರಿಂದ ಆ ಊರಿನ ಮಣ್ಣಿನ ಎರಡು ಗಡಿಗಳು ಮೊದಲೇ ಗೊತ್ತಿರಬೇಕು. ಆಗ ಬಳಕೆಗೆ ದಕ್ಕುವ ನೀರಿನಲ್ಲಿ ಶೇಕಡ ಎಷ್ಟು ಉಳಿದಿದೆ ಎಂದು ಹೇಳಬಹುದು.

1988ರಲ್ಲಿ ದೇಶದಲ್ಲೇ ಮೊದಲು ಬರ ನಿಗಾ ಘಟಕ ತೆರೆದ ರಾಜ್ಯ ನಮ್ಮದು. ಅದರ ಮುಂದುವರಿದ ರೂಪವಾದ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಇಂದು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ, ಆರು ಸಾವಿರಕ್ಕೂ ಹೆಚ್ಚು. ಹೋಬಳಿಗೆ ಒಂದರಂತೆಯಾದರೂ, ಆ ಹೋಬಳಿಯ ಪ್ರಧಾನ ಮಣ್ಣಿನಲ್ಲಿ, ಅರ್ಧ ಅಡಿ, ಒಂದಡಿ, ಎರಡಡಿ ಆಳಕ್ಕೆ ತೇವಾಂಶದ ಸಂವೇದಕಗಳನ್ನು ಈ ಮಾಪಕಗಳ ಪಕ್ಕದಲ್ಲೇ ಹೂತು, ಅವುಗಳ ಅಂಕಿಯನ್ನು ಮಳೆಯ ಅಂಕಿಯ ಜೊತೆಗೇ ಪ್ರತಿದಿನ ಪ್ರಕಟಿಸಬೇಕು. ಬರ ಘೋಷಣೆಯ ಕಡತದಲ್ಲಿ ಮಳೆಯ ಪಕ್ಕದ ಅಂಕಣ ಈಗ ಬಹುಪಾಲು ಅಂದಾಜಿನಿಂದ ತುಂಬುತ್ತದೆ. ಅಲ್ಲಿ ಹೊಲದಿಂದ ಬಂದ ಅಳತೆಯೇ ಕೂರಲಿ.