ಹರಿದ ಹಗ್ಗ, ಬದಲಾದ ಕೀಲು
ತೋಳಿನ ಮೂಳೆಯ ಗುಂಡನ್ನು ಭುಜದ ಗುಳಿಯಲ್ಲಿ ಹಿಡಿದಿಡೋದು ರೊಟೇಟರ್ ಕಫ್‌ನ 4 ಸ್ನಾಯುಗಳು. ಅವುಗಳ ಟೆಂಡನ್ ಹರಿದು ತುಂಬಾ ದಿನ ಬಿಟ್ಟರೆ ಸ್ನಾಯು ಕುಗ್ಗಿ ಕೊಬ್ಬು ತುಂಬಿಕೊಳ್ಳುತ್ತೆ. ಆಮೇಲೆ ಎಳೆದು ಹೊಲಿಯೋಕೂ ಆಗಲ್ಲ. ತಲೆ ಬಾಚೋದೂ ಕಷ್ಟ.

ವಯಸ್ಸು ಕಡಿಮೆಯಿದ್ದು ಕೀಲು ಸವೆದಿಲ್ಲದಿದ್ರೆ, ಬೆನ್ನಿನ ಸ್ನಾಯುವಿನ ಟೆಂಡನ್ ತಂದು ಜೋಡಿಸಬಹುದು. ವಯಸ್ಸಾದವರಿಗೆ ಸಾಮಾನ್ಯವಾಗಿ ರಿವರ್ಸ್ ಶೋಲ್ಡರ್. ಫ್ರಾನ್ಸ್‌ನ ಪಾಲ್ ಗ್ರಾಮೋಂ 1985ರಲ್ಲಿ ರೂಪಿಸಿದ ಉಪಾಯ ಇದು: ಗುಳಿಯಿದ್ದಲ್ಲಿ ಗುಂಡು, ಗುಂಡಿದ್ದಲ್ಲಿ ಗುಳಿ. ತಿರುಗುವ ಕೇಂದ್ರ ಒಳಕ್ಕೆ, ಕೆಳಕ್ಕೆ ಸರಿಯುತ್ತೆ. ಭುಜದ ಮೇಲಿನ ಡೆಲ್ಟಾಯ್ಡ್ ಸ್ನಾಯುವಿಗೆ ಮೊಮೆಂಟ್ ಆರ್ಮ್ ಹೆಚ್ಚುತ್ತೆ. ನಾವು ಮೆಕ್ಯಾನಿಕ್ಸ್‌ನಲ್ಲಿ ಓದಿದ್ದೇ: ಅದೇ ಬಲ, ಹೆಚ್ಚು ಟಾರ್ಕ್. ಹರಿದದ್ದು ಹರಿದೇ ಇದ್ರೂ ಕೈ ಮೇಲೇಳುತ್ತೆ. ಆದ್ರೆ ಡೆಲ್ಟಾಯ್ಡ್ ಚೆನ್ನಾಗಿರಲೇಬೇಕು.

ಅಜ್ಜಿಗೆ ಕೈ ಎತ್ತೋಕಾಗ್ತಿಲ್ವಾ? 'ವಯಸ್ಸಾಯ್ತು' ಅಂತ ಸುಮ್ಮನಾಗೋದು ಬೇಡ. ಹೊಲಿಯೋ ಕಾಲ ಮೀರೋ ಮೊದಲೇ ಡಾಕ್ಟರಿಗೆ ತೋರಿಸೋಣ.